ಅರ್ಧ ಗುಳಿಗೆ

ನನ್ನ ಮೇಜಿನ ಮೇಲಿರುವ ಕಂಪ್ಯೂಟರಿನ ಗುಂಡಿ ಒತ್ತಿದರೆ ಮೊದಲು ಕಾಣುವುದು ಒಂದು ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದ ಕೆಲವು ಸಾಲುಗಳು. ಸುಮ್ಮನೆ ಬಿಟ್ಟರೆ ಯಂತ್ರ ತಾನೇ ಮೇಲಿನ ಸಾಲನ್ನು ಆರಿಸಿಕೊಂಡು ಮುಂದಕ್ಕೆ ಹೋಗುತ್ತದೆ. ನಾನು ಸುಮ್ಮನೆ ಬಿಡುತ್ತೇನೆ. ಅಷ್ಟು ಹೊತ್ತೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿರುತ್ತೇನೆ. ಅಪ್ಪಿತಪ್ಪಿ ಬೆರಳು ತಾಗಿ ಕೊನೆಯ ಸಾಲಿಗೆ ಹೋಗಿಬಿಟ್ಟೀತೆಂಬ ಹೆದರಿಕೆ. ಕಂಪ್ಯೂಟರಿಗೆ ಕೈ ಮುಗಿಯುವುದೊಂದು ಬಾಕಿ ಎಂದು ನಮ್ಮ ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಇದನ್ನು ಹೀಗೆ ಸಿದ್ಧಮಾಡಿ ಕೊಟ್ಟವರು ಹೋದ ವಾರ ಚನ್ನಗಿರಿಯಲ್ಲಿ ತೀರಿಕೊಂಡರು. ಹೊನ್ನಾಳಿಯ ನಮ್ಮ ಕಾಲೇಜಿನಲ್ಲಿ ಅವರು ಗಣಿತ ಹೇಳುತ್ತಿದ್ದರು, ನಾನು ಕನ್ನಡ. ಅವರು ಚನ್ನಗಿರಿಯಿಂದ ಸಾಸ್ವೆಹಳ್ಳಿ ಮೇಲೆ ಬಸ್ಸಿನಲ್ಲಿ ಬರುವರು, ನಾನು ನ್ಯಾಮತಿಯಿಂದ ಬರುವವಳು. ಸ್ಟಾಫ್ ರೂಮಿನಲ್ಲಿ ನಮ್ಮದು ಎದುರುಬದುರು ಕುರ್ಚಿ. ತಮ್ಮ ಮೇಲೆ ಯಾರೂ ಏನೂ ಬರೆಯಬಾರದೆಂದು ಕೊನೆಗಾಲದಲ್ಲಿ ನನಗೆ ಕಟ್ಟಪ್ಪಣೆ ಮಾಡಿದ್ದರು. ಜೀವನವಿಡೀ 'ಬರೆದಿದ್ದು ಐತೆ, ಬರೀದಿದ್ದು ಇಲ್ಲ' ಎಂದು ಹೇಳಿಕೊಂಡು ಬಂದ ಮನುಷ್ಯನ ಬಾಯಲ್ಲಿ ಈ ಮಾತು. ಅಪ್ಪಣೆ ಮುರಿಯುತ್ತಿದ್ದೇನೆ. ಹೆಸರನ್ನು ಮಾತ್ರ ಬರೆಯುವುದಿಲ್ಲ.

ತೆಳ್ಳಗೆ, ಉದ್ದಕ್ಕೆ ಇದ್ದರು. ಹಣೆಯ ಮೇಲೆ ವಿಭೂತಿ, ಮೈಮೇಲೆ ತೋಳು ಮಡಚಿದ ಬಿಳಿ ಅಂಗಿ. ಅವರದು ಕಡಿಮೆ ಮಾತು. ಆಡಿದ ಮಾತು ಮುಗಿದಾಗ ತೋರುಬೆರಳಿನಿಂದ ಗಾಳಿಯಲ್ಲೊಂದು ಅಡ್ಡಗೆರೆ ಎಳೆದುಬಿಡುವರು, ಲೆಕ್ಕದ ಕೆಳಗೆ ಎಳೆದ ಹಾಗೆ. ಆ ಗೆರೆ ಬಿದ್ದ ಮೇಲೆ ಪ್ರಿನ್ಸಿಪಾಲರೂ ಮಾತು ಮುಂದುವರಿಸುತ್ತಿರಲಿಲ್ಲ. ಪಾಠ ಮಾಡುವಾಗ ಅವರು ಮೊದಲು ಬೋರ್ಡಿನ ಬಲಮೂಲೆಯಲ್ಲಿ ಉತ್ತರ ಬರೆಯುತ್ತಿದ್ದರು. ಉತ್ತರ ಹೀಗಿರಬೇಕು, ಅಲ್ಲಿಗೆ ಹೋಗುವ ದಾರಿಯನ್ನು ನೀವು ಹುಡುಕಿ ಎಂದು ಹೇಳಿ ಕುರ್ಚಿಯಲ್ಲಿ ಕೂತುಬಿಡುವರು. ಹುಡುಗರು ಮೊದಲ ತಿಂಗಳು ಬೈದುಕೊಳ್ಳುತ್ತಿದ್ದರು, ಮೂರನೇ ತಿಂಗಳಿಗೆ ಅವರ ಕ್ಲಾಸು ಬಿಟ್ಟು ಕದಲುತ್ತಿರಲಿಲ್ಲ.

ಕಂಪ್ಯೂಟರಿನ ಹುಚ್ಚು ಅವರಿಗೆ ಹತ್ತಿದ್ದು ನಿವೃತ್ತಿಗೆ ಹತ್ತಿರವಾದಾಗ. ಹುಚ್ಚೂ ಅವರ ಗಣಿತದ ದಾರಿಯದೇ. ನಾವೆಲ್ಲ ಕಂಪ್ಯೂಟರಿಗೆ ಒಂದೊಂದಾಗಿ ಹಾಕಿಕೊಳ್ಳುತ್ತೇವೆ. ಇವತ್ತೊಂದು ಫಾಂಟು, ನಾಳೆಯೊಂದು ಪ್ರೋಗ್ರಾಮು. ಎಲ್ಲಿ ಏನು ಬದಲಾಯಿಸಿದೆವೆಂದು ವರ್ಷದ ಮೇಲೆ ನಮಗೇ ತಿಳಿದಿರುವುದಿಲ್ಲ. ಅವರ ಯಂತ್ರ ಹಾಗಲ್ಲ. ಅದಕ್ಕೆ ಒಂದೇ ಒಂದು ಫೈಲು. ಯಂತ್ರದಲ್ಲಿ ಏನೇನು ಇರಬೇಕೋ ಅದನ್ನೆಲ್ಲ ಅದರಲ್ಲಿ ಬರೆಯಬೇಕು: ಯಾವ ಕನ್ನಡ ಕೀಲಿಮಣೆ, ಯಾವ ಫಾಂಟು, ಯಾವ ಪ್ರೋಗ್ರಾಮು, ಯಾವ ಹೊತ್ತಿಗೆ ಯಂತ್ರ ತಾನಾಗಿ ಏನು ಮಾಡಬೇಕು. ಬರೆದು ಒಂದು ಆಜ್ಞೆ ಕೊಟ್ಟರೆ ಯಂತ್ರ ಅದನ್ನು ಓದಿಕೊಂಡು ಹಾಗೆಯೇ ಆಗಿ ನಿಲ್ಲುತ್ತದೆ. ಒಂದು ಸಾಲು ತೆಗೆದು ಮತ್ತೆ ಆಜ್ಞೆ ಕೊಟ್ಟರೆ, ಆ ಸಾಲಿನಲ್ಲಿದ್ದದ್ದು ಯಂತ್ರದಿಂದಲೂ ಹೋಗುತ್ತದೆ.

"ಹಿಂಗೆ ಮಾಡು ಅಂತ ಹೇಳೋದಲ್ಲ ಮೇಡಂ, ಹಿಂಗಿರಬೇಕು ಅಂತ ಹೇಳೋದು," ಎಂದು ನನಗೆ ವಿವರಿಸಿದ್ದರು. "ದಾರಿ ಅದು ಹುಡುಕ್ಕೊಳ್ತೈತೆ."

ಹೀಗೆ ಪ್ರತಿ ಸಲ ಆಜ್ಞೆ ಕೊಟ್ಟಾಗ ಬರುವ ಹೊಸ ರೂಪಕ್ಕೆ ಅವರು ತಲೆಮಾರು ಎನ್ನುತ್ತಿದ್ದರು. ಹೊಸ ತಲೆಮಾರು ಬಂದರೂ ಹಳೆಯದು ಅಳಿಯುವುದಿಲ್ಲ. ನಾನು ಆಗಲೇ ಹೇಳಿದ ಕಪ್ಪು ಪರದೆಯಲ್ಲಿ ಸಾಲಾಗಿ ನಿಂತಿರುತ್ತದೆ, ಹೊಸದು ಮೇಲೆ, ಎಲ್ಲಕ್ಕಿಂತ ಹಳೆಯದು ಕೆಳಗೆ. ಹೊಸದರಲ್ಲಿ ಏನಾದರೂ ಕೆಟ್ಟರೆ ಯಂತ್ರವನ್ನು ಒಮ್ಮೆ ನಿಲ್ಲಿಸಿ, ಶುರುಮಾಡಿ, ಹಳೆಯ ಸಾಲನ್ನು ಆರಿಸಿಕೊಂಡರಾಯಿತು. ಯಂತ್ರ ಅಂದು ಹೇಗಿತ್ತೋ ಹಾಗೆ ಎದ್ದು ಕೂರುತ್ತದೆ. ಅದಕ್ಕೇ ಅವರು ಯಾವ ಪ್ರಯೋಗಕ್ಕೂ ಅಂಜುತ್ತಿರಲಿಲ್ಲ. ತಪ್ಪಾದರೆ ಆಗಲಿ, ಹಿಂದಕ್ಕೆ ಹೋಗಲು ದಾರಿಯಿದೆಯಲ್ಲ ಎನ್ನುತ್ತಿದ್ದರು. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ.

ಕಾಲೇಜಿನ ಲ್ಯಾಬಿನ ಯಂತ್ರಗಳನ್ನೆಲ್ಲ ಒಂದೇ ಫೈಲಿನಿಂದ ಎಬ್ಬಿಸಿದ್ದರು. ಹುಡುಗರು ಸಂಜೆಯವರೆಗೆ ಕುಲಗೆಡಿಸಿದ್ದು ಬೆಳಿಗ್ಗೆ ತೊಳೆದಿಟ್ಟ ತಟ್ಟೆಯಂತೆ ಇರುತ್ತಿತ್ತು. ನಮ್ಮ ಪ್ರಿನ್ಸಿಪಾಲರನ್ನೂ ಹೀಗೆ ಫೈಲಿನಲ್ಲಿ ಬರೆದು ಸರಿಯಾದ ಒಬ್ಬರನ್ನು ತರಿಸಿಬಿಡಿ ಸರ್ ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. ಮನುಷ್ಯರು ಬರೆದ ಹಾಗೆ ಇರುವುದಿಲ್ಲ, ಅದಕ್ಕೇ ಅಷ್ಟು ಕಷ್ಟ ಎಂದು ಹೇಳಿ ಗೆರೆ ಎಳೆದರು.

ಬರೆದ ಹಾಗೆ ಇರದವರು ಅವರ ಮನೆಯಲ್ಲೇ ಒಬ್ಬರಿದ್ದರು. ಅವರ ಹೆಂಡತಿ ಜಗಳೂರಿನವರು. ನಾನು ಅಕ್ಕ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಗಂಡ ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರು ಬರೆದು ಅಂಟಿಸಿದರೆ, ಅಕ್ಕ ಕಡಲೆಬೇಳೆ ಎಂದು ಬರೆದ ಡಬ್ಬಿಗೆ ಬೆಲ್ಲ ತುಂಬಿಡುವರು. ನಾನು ಹೋದಾಗ ಅದೇ ಡಬ್ಬಿಯಿಂದ ಬೆಲ್ಲ ತೆಗೆದು ಕೊಟ್ಟು, ನಿಮ್ಮ ಮೇಷ್ಟ್ರ ಲೆಕ್ಕದಲ್ಲಿ ನೀವು ಈಗ ತಿನ್ನುತ್ತಿರುವುದು ಕಡಲೆಬೇಳೆ ಎನ್ನುವರು. ಅವರಿಬ್ಬರ ನಡುವೆ ಇದ್ದದ್ದು ಜಗಳವೂ ಅಲ್ಲ, ಸಲುಗೆ ಎಂದರೂ ಸಾಲದು. ಆ ಮನೆಯಿಂದ ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ನನಗೆ ಯಾವಾಗಲೂ ಹೊಟ್ಟೆಕಿಚ್ಚಾಗುತ್ತಿತ್ತು.

ಅಕ್ಕನಿಗೆ ಹೃದಯದ ಕವಾಟದ ಆಪರೇಷನ್ ಆಯಿತು. ಅದಾದ ಮೇಲೆ ರಕ್ತ ತೆಳುವಾಗಿಡಲು ಒಂದು ಗುಳಿಗೆ. ಸಂಜೆ ದೀಪ ಹಚ್ಚುವ ಹೊತ್ತಿಗೆ, ದಿನಾ, ಸಾಯುವತನಕ. ಆ ಗುಳಿಗೆ ಎಂಥದೆಂದರೆ, ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಒಳಗೆಲ್ಲೋ ಸೋರತೊಡಗಿ ನಿಲ್ಲುವುದೇ ಇಲ್ಲ. ಕೂದಲೆಳೆಯ ಮೇಲಿನ ನಡಿಗೆ. ತಿಂಗಳಿಗೊಮ್ಮೆ ದಾವಣಗೆರೆಗೆ ಹೋಗಿ ರಕ್ತ ಕೊಟ್ಟು ಬರಬೇಕು, ಡಾಕ್ಟರು ನೋಡಿ ಒಮ್ಮೆ ಒಂದು ಎನ್ನುವರು, ಒಮ್ಮೆ ಅರ್ಧ ಎನ್ನುವರು, ಒಮ್ಮೊಮ್ಮೆ ಒಂದೂವರೆ. ಅವರು ಇದನ್ನು ಯಾರ ನೆನಪಿಗೂ ಬಿಡಲಿಲ್ಲ. ಡಾಕ್ಟರು ಹೇಳಿದ್ದನ್ನು ಬಂದ ದಿನವೇ ಯಂತ್ರದ ಫೈಲಿನಲ್ಲಿ ಬರೆಯುವರು. ಸಂಜೆ ಹೊತ್ತಿಗೆ ಸರಿಯಾಗಿ ಪಡಸಾಲೆಯ ಕಂಪ್ಯೂಟರು ಅದನ್ನು ಬಾಯಿಬಿಟ್ಟು ಹೇಳಬೇಕು. ಬರೆದಾದ ಮೇಲೆ ಡಾಕ್ಟರ ಚೀಟಿಯನ್ನು ಹರಿದು ಒಲೆಗೆ ಹಾಕಿಬಿಡುವರು. ಅದನ್ನು ನಾನೇ ಒಮ್ಮೆ ಕಣ್ಣಾರೆ ಕಂಡು, ಇರಲಿ ಬಿಡಿ ಸರ್, ಒಂದು ಪ್ರತಿ ಇದ್ದರೆ ಏನು ತಿನ್ನುತ್ತದೆ ಎಂದೆ.

"ಎರಡು ಕಡೆ ಬರೆದ್ರೆ ಎರಡು ನಿಜ ಆಗ್ತವೆ ಮೇಡಂ. ನಿಜ ಒಂದೇ ಕಡೆ ಇರಬೇಕು," ಎಂದರು. ಗೆರೆ ಬಿತ್ತು.

ಮೊದಲು ಯಂತ್ರ ತನ್ನದೇ ದನಿಯಲ್ಲಿ ಹೇಳುತ್ತಿತ್ತು. ಕನ್ನಡವೇ, ಆದರೆ ತಗಡಿನ ಕನ್ನಡ. ಅಕ್ಕ ಅದನ್ನು ಕೇಳಿ, ಇದ್ಯಾವ ಸತ್ತವರ ದನಿ ತಂದು ಮನೆಯಲ್ಲಿ ಕೂರಿಸಿದಿರಿ ಎಂದು ತಕರಾರು ತೆಗೆದರು. ಹಾಗಾದರೆ ನೀನೇ ಹೇಳು ಎಂದು ಅವರು ಮೈಕ್ ಮುಂದಿಟ್ಟರು. ಅಂದಿನಿಂದ ಸಂಜೆಯಾದರೆ ಯಂತ್ರದೊಳಗಿಂದ ಅಕ್ಕನೇ ಕೂಗುವರು: "ರೀ, ಗುಳಿಗೆ ಒಂದು ಕೊಡ್ರಿ. ನೀರು ಬೆಚ್ಚಗಿರ್ಲಿ." ಪ್ರಮಾಣ ಬದಲಾದಾಗ ಮತ್ತೆ ಹೊಸದಾಗಿ ಹೇಳಿಸಿ, ಹೊಸ ತಲೆಮಾರು ಎಬ್ಬಿಸುವರು. ಯಂತ್ರದ ಅಕ್ಕ ಕೇಳುವರು, ಅಡುಗೆಮನೆಯ ಅಕ್ಕ ಬಂದು ಕೂರುವರು, ಇವರು ಗುಳಿಗೆ ತರುವರು. ಅರ್ಧವಾದರೆ ಎರಡು ಹೆಬ್ಬೆರಳ ಉಗುರು ಕೂಡಿಸಿ ಟಕ್ ಎಂದು ಮುರಿಯುವರು. ಪುಡಿ ಕೂಡ ಉದುರುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ, ಇವರು ಆಡಿದ ಮಾತನ್ನೂ ಹೋಗಲು ಬಿಡುವುದಿಲ್ಲ ಎಂದು ಅಕ್ಕ ನನ್ನ ಹತ್ತಿರ ದೂರಿದ್ದುಂಟು. ದೂರಿನಲ್ಲಿ ಹೆಮ್ಮೆಯೇ ಹೆಚ್ಚಿತ್ತು.

ನನಗೆ ಈ ಕಂಪ್ಯೂಟರ್ ಕೂಡಿಸಿ ಕೊಟ್ಟದ್ದು ಆ ದಿನಗಳಲ್ಲಿ. ನ್ಯಾಮತಿಗೆ ಅವರೊಬ್ಬರೇ ಬಂದಿದ್ದರು. ಹೊಸದಾಗಿ ಬರೆಯುವುದೇಕೆಂದು ತಮ್ಮ ಮನೆಯ ಫೈಲನ್ನೇ ಪೂರ್ತಿ ನನ್ನ ಯಂತ್ರಕ್ಕೆ ಹಾಕಿದರು. ಮಧ್ಯಾಹ್ನದ ಊಟಕ್ಕೆ ಮೊದಲೇ ನನ್ನ ಯಂತ್ರ ಎದ್ದು ಕೂತಿತು. ಕನ್ನಡ ಚಂದವಾಗಿ ಮೂಡುತ್ತಿತ್ತು. ಸಂಜೆ ಚಹಾ ಕುಡಿಯುತ್ತ ಕೂತಿದ್ದೇವೆ, ಇದ್ದಕ್ಕಿದ್ದಂತೆ ನಮ್ಮ ಪಡಸಾಲೆಯಲ್ಲಿ ಅಕ್ಕ ಕೂಗಿದರು. ರೀ, ಗುಳಿಗೆ ಒಂದು ಕೊಡ್ರಿ. ನಮ್ಮ ಮನೆಯವರು ಚಹಾ ಚೆಲ್ಲಿಕೊಂಡು ಬಾಗಿಲ ಕಡೆ ತಿರುಗಿ, ಬರ್ರಿ ಅಕ್ಕಾರೆ ಎಂದೇಬಿಟ್ಟರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ಮಾತ್ರ ನಾಚಿಕೊಂಡು, ಮನೆಯ ಸಾಲುಗಳು ಹಾಗೆಯೇ ಬಂದುಬಿಟ್ಟಿವೆ ಎಂದು ಹೇಳುತ್ತ, ಅವನ್ನು ಅಳಿಸಿ ಇನ್ನೊಂದು ತಲೆಮಾರು ಎಬ್ಬಿಸಿದರು. ಅಕ್ಕನ ದನಿ ನಮ್ಮ ಮನೆಯಿಂದ ಹೋಯಿತು. ನಾವು ಅದನ್ನು ಮರೆತೆವು.

ನಿವೃತ್ತಿಯ ಮೇಲೆ ಅವರು ಗಣಿತದ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಪುಸ್ತಕವೊಂದನ್ನು ಬರೆಯತೊಡಗಿದರು. ಭಾಷೆ ತಿದ್ದುವುದು ನನ್ನ ಪಾಲಿಗೆ ಬಂತು. ಹಾಗೆ ತಿದ್ದಿದ ಹಾಳೆಗಳನ್ನು ಹಿಡಿದು ನಾನು ಚನ್ನಗಿರಿಗೆ ಹೋದ ದಿನ ಅವರು ಬಹಳ ಗೆಲುವಾಗಿದ್ದರು. ಹಿಂದಿನ ವಾರ ಯಂತ್ರಕ್ಕೆ ಏನೋ ಹೊಸದು ಹಾಕಲು ಹೋಗಿ ಕನ್ನಡ ಅಕ್ಷರವೆಲ್ಲ ಕೆಟ್ಟುಹೋಗಿತ್ತಂತೆ. ಒತ್ತಕ್ಷರಗಳು ಕಳಚಿ ಪಕ್ಕದಲ್ಲಿ ಕೂತು, ಅಷ್ಟು ದಿನದ ಕೆಲಸ ಓದಲು ಬಾರದ ಹಾಗಾಗಿತ್ತು. ಹಿಂದಿನ ತಲೆಮಾರಿಗೆ ಹೋದರು, ಅಲ್ಲೂ ಹಾಗೆಯೇ. ಅದರ ಹಿಂದಿನದಕ್ಕೆ ಹೋದರು, ಅಲ್ಲೂ ಸರಿಯಿಲ್ಲ. ಹಾಗೇ ಇಳಿಯುತ್ತ ಇಳಿಯುತ್ತ ಒಂದು ಹಳೆಯ ತಲೆಮಾರಿನಲ್ಲಿ ಒತ್ತಕ್ಷರಗಳು ಕೂಡಿಕೊಂಡವು. ಪುಸ್ತಕ ಮುಗಿಯುವವರೆಗೆ ಇನ್ನು ಇದರಲ್ಲೇ ಇರುತ್ತೇನೆ, ಏನನ್ನೂ ಮುಟ್ಟುವುದಿಲ್ಲ ಎಂದರು. ನೋಡಿದಿರಾ, ಹಿಂದಕ್ಕೆ ಹೋಗಲು ದಾರಿಯಿದ್ದರೆ ಎಷ್ಟು ಅನುಕೂಲ ಎಂದು ನನಗೇ ಪಾಠ ಹೇಳಿದರು.

ಅಕ್ಕ ಚಹಾ ತಂದುಕೊಟ್ಟರು. ಲೋಟ ಇಡುವಾಗ ಅವರ ಮುಂಗೈ ಕಾಣಿಸಿತು. ಬಳೆಯ ಕೆಳಗೆ ನೇರಳೆ ಹಣ್ಣು ಜಜ್ಜಿದಂತೆ ಒಂದು ಕಲೆ. ಏನಿದು ಎಂದೆ. ಬಳೆ ಒತ್ತಿರಬೇಕು ಎಂದರು. ಬೆಳಿಗ್ಗೆ ಹಲ್ಲು ತಿಕ್ಕುವಾಗಲೂ ಬಾಯಲ್ಲಿ ಸ್ವಲ್ಪ ರಕ್ತ ಬರುತ್ತಿದೆ, ಹೊಸ ಬ್ರಷ್ ಬಹಳ ಒರಟು ಎಂದು ಅದಕ್ಕೂ ಒಂದು ಕಾರಣ ಸೇರಿಸಿದರು. ನನಗೆ ಏನೂ ಹೊಳೆಯಲಿಲ್ಲ.

ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು, ಯಂತ್ರ ಕೂಗಿತು. ಗುಳಿಗೆ ಒಂದು ಕೊಡ್ರಿ. ಅವರು ಎದ್ದು ಗುಳಿಗೆ ತಂದರು. ಅಕ್ಕ ಕೈ ಚಾಚಿದವರು ಹಾಗೆಯೇ ನಿಂತು ಗಂಡನ ಮುಖ ನೋಡಿದರು.

"ಅರ್ಧ ಮಾಡಿದ್ರಲ್ಲೇನ್ರೀ ಡಾಕ್ಟ್ರು, ಹೋದ ಸಲ?"

"ಹೋದ ಸಲ ಅಲ್ಲ, ಅದರ ಹಿಂದಿನ ಸಲ ಇರಬೇಕು," ಎಂದರು ಅವರು. "ನೀನೇ ಹೇಳ್ತಾ ಇದೀಯಲ್ಲ ಒಂದು ಅಂತ."

"ಅದೂ ಹೌದು, ನಾನೇ ಹೇಳಿದ್ದು," ಎಂದು ಅಕ್ಕ ನಕ್ಕು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡರು.

ಇದನ್ನು ಓದುತ್ತಿರುವವರಿಗೆ ಈಗಾಗಲೇ ತಿಳಿದಿರಬೇಕು. ಯಂತ್ರ ಹಿಂದಕ್ಕೆ ಹೋಗುವಾಗ ಅಕ್ಷರಗಳನ್ನಷ್ಟೇ ಹಿಂದಕ್ಕೆ ಒಯ್ಯಲಿಲ್ಲ. ಆ ಹಳೆಯ ತಲೆಮಾರು ಡಾಕ್ಟರು ಗುಳಿಗೆಯನ್ನು ಅರ್ಧಕ್ಕೆ ಇಳಿಸುವ ಮೊದಲಿನದು. ಅದರಲ್ಲಿ ಇದ್ದದ್ದು ಅಕ್ಕನ ಹಳೆಯ ದನಿ. ಯಂತ್ರ ಹಿಂದಕ್ಕೆ ಹೋದರೂ ಫೈಲು ಹಿಂದಕ್ಕೆ ಹೋಗುವುದಿಲ್ಲ, ಅವರ ಫೈಲಿನಲ್ಲಿ ಅರ್ಧ ಎಂದೇ ಬರೆದಿತ್ತು. ತೆರೆದು ನೋಡಿದ್ದರೆ ಮುಗಿಯುತ್ತಿತ್ತು. ಆದರೆ ತಾನು ಬರೆದದ್ದನ್ನೇ ಯಂತ್ರ ಹೇಳುತ್ತದೆ ಎಂದು ನಂಬಿದ ಮನುಷ್ಯ ತೆರೆದು ಏಕೆ ನೋಡಿಯಾನು? ಹೆಂಡತಿಯ ಅನುಮಾನಕ್ಕೆ ಅವರ ಬಳಿ ಹೆಂಡತಿಯ ದನಿಯೇ ಉತ್ತರವಾಗಿತ್ತು. ಎದುರು ನಿಂತ ಜೀವಂತ ಅಕ್ಕ ಅರ್ಧ ಎಂದರು, ಯಂತ್ರದ ಅಕ್ಕ ಒಂದು ಎಂದರು. ಇಬ್ಬರೂ ಯಂತ್ರದವರನ್ನೇ ನಂಬಿದರು. ಆ ಚೀಟಿ ಒಲೆಗೆ ಹೋಗದೆ ಉಳಿದಿದ್ದರೆ ಎಂದು ನಾನು ಈಗಲೂ ಸಿಟ್ಟಿನಿಂದ ಯೋಚಿಸುತ್ತೇನೆ.

ಅದಾದ ಕೆಲವೇ ದಿನಗಳಲ್ಲಿ ಅಕ್ಕ ಬಚ್ಚಲಮನೆಯಲ್ಲಿ ಕುಸಿದರು. ದಾವಣಗೆರೆಗೆ ಒಯ್ದರು, ತಲೆಯೊಳಗೆ ರಕ್ತ ಸೋರುತ್ತಿದೆ ಎಂದರು. ಎಷ್ಟು ಗುಳಿಗೆ ಕೊಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದರೆ ಇವರು, ನೀವು ಹೇಳಿದಷ್ಟೇ, ಒಂದು ಎಂದರು. ನಾವು ಹೇಳಿದ್ದು ಅರ್ಧ ಎಂದರು ಡಾಕ್ಟರು. ಇವರು ಒಪ್ಪಲಿಲ್ಲ. ಜೀವಮಾನದಲ್ಲಿ ಯಾರ ಮೇಲೂ ದನಿ ಏರಿಸದ ಮನುಷ್ಯ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು, ನಿಮ್ಮಲ್ಲೇ ಎಲ್ಲೋ ತಪ್ಪಾಗಿದೆ, ನಾನು ಬರೆದಿಟ್ಟುಕೊಂಡಿದ್ದೇನೆ, ತಂದು ತೋರಿಸುತ್ತೇನೆ ಎಂದು ಕೂಗಾಡಿದರು. ತೋರಿಸಲೆಂದೇ, ಅಕ್ಕನನ್ನು ಜಗಳೂರಿನಿಂದ ಬಂದಿದ್ದ ಅವರ ತಮ್ಮನ ವಶಕ್ಕೆ ಬಿಟ್ಟು, ಸಂತೇಬೆನ್ನೂರು ಮೇಲಿನ ಬಸ್ಸು ಹತ್ತಿ ಚನ್ನಗಿರಿಗೆ ಬಂದರು.

ಮುಂದಿನದನ್ನು ಅವರು ನನಗೆ ಒಂದೇ ಒಂದು ಸಲ ಹೇಳಿದ್ದಾರೆ. ಬೀಗ ತೆಗೆದು, ಕಾಲೂ ತೊಳೆಯದೆ ಯಂತ್ರದ ಮುಂದೆ ಕೂತು ಫೈಲು ತೆರೆದರಂತೆ. ಅದರಲ್ಲಿ ಅರ್ಧ ಎಂದಿತ್ತು. ತಾವೇ ಬರೆದದ್ದು. ಅವರು ಅದನ್ನು ನೋಡುತ್ತ ಕೂತಿದ್ದಾಗಲೇ ದೀಪ ಹಚ್ಚುವ ಹೊತ್ತಾಗಿ, ಯಾರೂ ಇಲ್ಲದ ಆ ಮನೆಯಲ್ಲಿ ಅಕ್ಕ ಕೂಗಿದರಂತೆ, ರೀ, ಗುಳಿಗೆ ಒಂದು ಕೊಡ್ರಿ, ನೀರು ಬೆಚ್ಚಗಿರ್ಲಿ.

"ಕಣ್ಣಾಗೆ ಅರ್ಧ ಐತೆ, ಕಿವ್ಯಾಗೆ ಒಂದು ಐತೆ," ಎಂದು ಅವರು ನನಗೆ ಹೇಳಿದರು. "ಆಗ ಗೊತ್ತಾತು ಮೇಡಂ, ನಾನು ಯಾವ ತಲೆಮಾರಿನಾಗೆ ನಿಂತೀನಿ ಅಂತ."

ಅವರು ತಿರುಗಿ ದಾವಣಗೆರೆ ಮುಟ್ಟುವುದರೊಳಗೆ ಅಕ್ಕನ ಪ್ರಾಣ ಹೋಗಿತ್ತು.

ಸಾವಿಗೆ ಬಂದವರಲ್ಲಿ ಯಾರೋ ಕಂಪ್ಯೂಟರಿಗೆ ಶಾಪ ಹಾಕಿದರು. ಅವರು ಅದಕ್ಕೂ ಬಿಡಲಿಲ್ಲ. ಯಂತ್ರದ ತಪ್ಪು ಏನೂ ಇಲ್ಲ, ಅದು ಹೋಗು ಎಂದ ಕಡೆ ಹೋಯಿತು, ಇರು ಎಂದ ಹಾಗೆ ಇತ್ತು ಎಂದು ಮೆತ್ತಗೆ ಹೇಳಿದರು. ಗೆರೆ ಎಳೆಯಲು ಬೆರಳೆತ್ತಿ, ಎಳೆಯದೆ ಕೆಳಗಿಳಿಸಿದರು. ಅಕ್ಕನನ್ನು ಮಣ್ಣು ಮಾಡಿ ಬಂದ ಮರುದಿನ ಫೈಲಿನಿಂದ ಆ ಸಾಲು ತೆಗೆದರು, ದನಿಗಳನ್ನೆಲ್ಲ ಅಳಿಸಿದರು, ಹಳೆಯ ತಲೆಮಾರುಗಳನ್ನು ಒಂದೂ ಬಿಡದೆ ಗುಡಿಸಿಹಾಕಿದರು. ಅದಕ್ಕೂ ಒಂದು ಆಜ್ಞೆಯಿದೆಯಂತೆ. ಹಿಂದಕ್ಕೆ ಹೋಗುವ ದಾರಿಯೇ ಇರಬಾರದೆಂದು ಆ ಹೊತ್ತಿನಲ್ಲಿ ಅವರಿಗೆ ಅನಿಸಿತ್ತು.

ಅದರ ಬೆಲೆ ತಿಳಿದದ್ದು ಆಮೇಲೆ. ಅಕ್ಕ ಫೋನಿನಲ್ಲಿ ಮಾತು ಹಿಡಿದಿಡುವವರಲ್ಲ, ಫೋಟೋಕ್ಕೂ ಬೆನ್ನು ತಿರುಗಿಸುವವರು. ಜಗಳೂರಿನ ತಮ್ಮನ ಮಗಳ ಮದುವೆಯ ವಿಡಿಯೋದಲ್ಲಿ ಇದ್ದಾರೆ, ಆದರೆ ಓಲಗದ ಸದ್ದಿನಲ್ಲಿ ತುಟಿ ಅಲ್ಲಾಡುವುದಷ್ಟೇ ಕಾಣುತ್ತದೆ. ಮುಖ ಇದೆ ಮೇಡಂ, ದನಿ ಇಲ್ಲ ಎಂದರು. ಕಂಡಕಂಡವರನ್ನೆಲ್ಲ ಕೇಳುತ್ತಿದ್ದರು, ನಿಮ್ಮ ಫೋನಿನಲ್ಲಿ ಅವಳು ಮಾತಾಡಿದ್ದು ಏನಾದರೂ ಇದೆಯೇ ಎಂದು. ನನ್ನನ್ನೂ ಕೇಳಿದರು, ಇಲ್ಲ ಎಂದೆ. ಪುಸ್ತಕ ನಿಂತಿತು. ಮೈ ಇಳಿಯಿತು. ಸಂಜೆಯ ಹೊತ್ತು ಅವರಿಗೆ ಫೋನು ಮಾಡಿದರೆ ಎತ್ತುತ್ತಲೇ ಇರಲಿಲ್ಲ. ಏಕೆಂದು ಕೇಳಿದಾಗ, ಆ ಹೊತ್ತಿನಲ್ಲಿ ಕಿವಿ ಕೊಟ್ಟುಕೊಂಡು ಕೂತಿರುತ್ತೇನೆ ಎಂದರು.

ಒಂದು ದಿನ ನಮ್ಮಲ್ಲಿ ಕರೆಂಟು ಹೋಗಿ ಬಂದು ಕಂಪ್ಯೂಟರು ತಾನಾಗಿ ಶುರುವಾಯಿತು. ಕಪ್ಪು ಪರದೆ, ಬಿಳಿ ಸಾಲುಗಳು. ದಿನಾ ಕಾಣುವವೇ, ಅಂದು ಮಾತ್ರ ಓದಿ ನೋಡಿದೆ. ನಾನು ಮನೆಯ ಕಸವನ್ನೇ ಸರಿಯಾಗಿ ಗುಡಿಸುವವಳಲ್ಲ, ಯಂತ್ರದ ಕಸ ಗುಡಿಸುವುದೆಲ್ಲಿ ಬಂತು? ಸಾಲುಗಳೆಲ್ಲ ಹಾಗೆಯೇ ನಿಂತಿದ್ದವು. ಎಲ್ಲಕ್ಕಿಂತ ಕೆಳಗೆ ಮೊದಲನೆಯ ತಲೆಮಾರು. ನಮ್ಮ ಮನೆಯವರು ಚಹಾ ಚೆಲ್ಲಿಕೊಂಡ ದಿನದ್ದು. ಅಕ್ಕನ ದನಿ ಅದರಲ್ಲಿ ಇನ್ನೂ ಇತ್ತು.

ಎರಡು ದಿನ ಯಾರಿಗೂ ಹೇಳಲಿಲ್ಲ. ಆ ದನಿ ಒಂದು ಗುಳಿಗೆ ಕೇಳುವ ದನಿ. ಅಕ್ಕನನ್ನು ಕೊಂದದ್ದು ಅದೇ ಮಾತು. ಅದನ್ನು ಅವರಿಗೆ ಕೇಳಿಸುವುದು ಪುಣ್ಯವೋ ಪಾಪವೋ ನನಗೆ ತಿಳಿಯಲಿಲ್ಲ. ಆದರೆ ಆ ಮನುಷ್ಯ ದಿನಾ ಸಂಜೆ ಖಾಲಿ ಮನೆಯಲ್ಲಿ ಕಿವಿಗೊಟ್ಟು ಕೂತಿರುವುದನ್ನು ನೆನೆದು ತಟ್ಟೆಯ ಮುಂದಿನಿಂದ ಎದ್ದುಬಿಡುತ್ತಿದ್ದೆ. ಮೂರನೆಯ ದಿನ ಫೋನು ಮಾಡಿದೆ. ಮೊದಲನೇದನ್ನು ಅಳಿಸಿಲ್ಲ ತಾನೆ ಎಂದು ಕೇಳಿದರು. ಇಲ್ಲ ಎಂದೆ. ಮರುದಿನ ಮಧ್ಯಾಹ್ನ ನ್ಯಾಮತಿಯಲ್ಲಿ ಬಸ್ಸಿಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ಆಗಷ್ಟೇ ಹಚ್ಚಿದಂಥ ವಿಭೂತಿ.

ಅವರೇ ಯಂತ್ರ ನಿಲ್ಲಿಸಿ ಶುರುಮಾಡಿದರು. ಕೆಳಗಿನ ಸಾಲಿಗೆ ಇಳಿದರು. ಪರದೆ ಹಳೆಯ ದಿನದಂತೆ ಎದ್ದಿತು. ಆಮೇಲೆ ಮಾಡಲು ಏನೂ ಇರಲಿಲ್ಲ, ಹೊತ್ತು ಬರಬೇಕಿತ್ತು. ನಾನು ಅದೂ ಇದೂ ಮಾತಾಡಲು ನೋಡಿದೆ, ಅವರು ಗಡಿಯಾರ ನೋಡುತ್ತಿದ್ದರು. ಬಿಸಿಲು ಹೊಸ್ತಿಲು ದಾಟಿ ಹೊರಗೆ ಹೋಯಿತು. ಒಂದು ಲೋಟ ನೀರು ಕೊಡಿ ಎಂದರು, ತಂದುಕೊಟ್ಟೆ. ಮುಟ್ಟಿ ನೋಡಿ, ಸ್ವಲ್ಪ ಬೆಚ್ಚಗೆ ಮಾಡಿಕೊಡಿ ಎಂದರು. ಶೀತವಾಗಿರಬೇಕೆಂದು ನಾನು ಬೆಚ್ಚಗೆ ಮಾಡಿ ತಂದೆ. ಅವರು ಕುಡಿಯಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಕೂತರು.

ಅಕ್ಕ ಕೂಗಿದರು. ಆರೋಗ್ಯವಾಗಿದ್ದ ದಿನಗಳ ದನಿ. ಕೊನೆಯಲ್ಲಿ ಸಣ್ಣದೊಂದು ನಗು ಇದೆ, ನಾನು ಅದನ್ನು ಮೊದಲು ಗಮನಿಸಿರಲಿಲ್ಲ. "ರೀ, ಗುಳಿಗೆ ಒಂದು ಕೊಡ್ರಿ. ನೀರು ಬೆಚ್ಚಗಿರ್ಲಿ."

"ಅರ್ಧ ಕಣೇ," ಎಂದರು ಅವರು. "ಅರ್ಧ ಅಷ್ಟೆ."

ಲೋಟ ಪಕ್ಕಕ್ಕಿಟ್ಟು, ಎರಡು ಹೆಬ್ಬೆರಳ ಉಗುರನ್ನು ಕೂಡಿಸಿ, ಇಲ್ಲದ ಗುಳಿಗೆಯನ್ನು ಟಕ್ಕನೆ ಮುರಿದರು. ಒಂದು ಚೂರನ್ನು ಹಿಡಿದ ಹಾಗೆ ಕೈಯನ್ನು ಯಂತ್ರದ ಕಡೆ ಚಾಚಿ ತುಂಬ ಹೊತ್ತು ಕೂತಿದ್ದರು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಹೊರಡುವ ಮುಂಚೆ, ಈ ದನಿಯನ್ನು ನಿಮ್ಮ ಮನೆಗೆ ಹಾಕಿಕೊಡಲೇ ಸರ್ ಎಂದು ಕೇಳಿದೆ.

"ಬ್ಯಾಡ್ರಿ. ಅವಳು ದಿನಾ ಒಂದು ಕೇಳ್ತಾಳೆ. ಒಂದಿನ ನಾನು ಒಂದು ಕೊಟ್ಟುಬಿಡ್ತೀನಿ."

ಹಾಗಾದರೆ ಅಳಿಸಿಬಿಡಲೇ ಎಂದೆ. ಅವರು ಹೆದರಿದವರಂತೆ ನನ್ನ ಕೈ ಹಿಡಿದುಕೊಂಡರು. ಅಳಿಸಬೇಡಿ, ಅಲ್ಲೇ ಇರಲಿ, ಆದರೆ ಯಾರೂ ಅಲ್ಲಿಗೆ ಹೋಗಬಾರದು ಎಂದರು. ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಯಂತ್ರವನ್ನು ಮೇಲಿನ ಸಾಲಿಗೆ ತಂದಿಟ್ಟು, ಎರಡೆರಡು ಸಲ ನೋಡಿಕೊಂಡು, ಬಸ್ಸಿಗೆ ಹೊರಟರು. ತಮ್ಮ ಮೇಲೆ ಏನೂ ಬರೆಯಬಾರದು ಎಂದದ್ದು ಅಂದೇ, ಬಸ್ಸಿನ ಮೆಟ್ಟಿಲ ಮೇಲೆ ನಿಂತು.

ಹೋದ ವಾರ ಚನ್ನಗಿರಿಯಲ್ಲಿ ಅವರನ್ನು ಅಕ್ಕನ ಪಕ್ಕದಲ್ಲೇ ಮಣ್ಣು ಮಾಡಿದರು. ಮನೆಗೆ ಬಂದು ಸ್ನಾನ ಮಾಡಿ, ಇದನ್ನು ಬರೆಯಲೆಂದು ಕಂಪ್ಯೂಟರಿನ ಗುಂಡಿ ಒತ್ತಿದೆ. ಕಪ್ಪು ಪರದೆ ಬಂತು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ನಾನು ಕೊಟ್ಟ ಮಾತಿಗೆ ತಪ್ಪಿಲ್ಲ, ಆ ಕೊನೆಯ ಸಾಲಿಗೆ ಈವರೆಗೂ ಹೋಗಿಲ್ಲ. ಆದರೆ ದಿನಾ ದೀಪ ಹಚ್ಚುವ ಹೊತ್ತಿಗೆ ನಾನೂ ಈಗ ಕೆಲಸ ಬಿಟ್ಟು ಕಿವಿಗೊಡುತ್ತೇನೆ. ಆ ಸಾಲಿನೊಳಗೆ ಅಕ್ಕ ನಗುತ್ತ ಒಂದು ಗುಳಿಗೆ ಕೇಳುತ್ತಲೇ ಇದ್ದಾರೆ ಅನಿಸುತ್ತದೆ, ಅರ್ಧ ಎಂದು ಹೇಳಲು ಇನ್ನು ಯಾರೂ ಇಲ್ಲ.